ವಾಕ್ಯ ಕಂಠಪಾಠವಿದ್ದರೂ ಶೋಧನೆಯಲ್ಲಿ (ಪಾಪದ ಸೆಳೆತದಲ್ಲಿ) ಸೋಲುವುದೇಕೆ?

ಪ್ರಶ್ನೆ: ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಬೈಬಲಿನ ನೂರಾರು ವಾಕ್ಯಗಳನ್ನು ಕಂಠಪಾಠ ಮಾಡಿದ್ದೇನೆ. ಪಾಪ ಮಾಡದಂತೆ ದೇವರ ನುಡಿಯನ್ನು ಹೃದಯದಲ್ಲಿಟ್ಟುಕೊಂಡಿದ್ದೇನೆಂದು ಹೇಳುವ ಕೀರ್ತನೆ 119:11 ಕೂಡ ಅವುಗಳಲ್ಲಿದೆ. ಆದರೂ ಸಿಟ್ಟು ಬಂದ ಗಳಿಗೆಯಲ್ಲಿ ಒಂದು ವಾಕ್ಯವೂ ನೆನಪಾಗುವುದಿಲ್ಲ. ಆಡಬಾರದ್ದನ್ನು ಆಡಿದ ಮೇಲೆ ಎಲ್ಲವೂ ನೆನಪಿಗೆ ಬಂದು ಚುಚ್ಚುತ್ತವೆ. ನನ್ನ ನಂಬಿಕೆಯೇ ಸುಳ್ಳೇ?

ಉತ್ತರ: ತಡವಾಗಿಯಾದರೂ ವಾಕ್ಯ ನಿಮ್ಮನ್ನು ಚುಚ್ಚುತ್ತಿದೆಯೆಂದರೆ ಅದು ನಿಮ್ಮೊಳಗೆ ಜೀವಂತವಾಗಿದೆ. ಆದ್ದರಿಂದ ನಂಬಿಕೆ ಸುಳ್ಳೆಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ನೀವು ಹೇಳಿದ ಕೀರ್ತನೆಯಲ್ಲಿ ‘ಇಟ್ಟುಕೊಂಡಿದ್ದೇನೆ’ ಎಂಬುದಕ್ಕೆ ಮೂಲ ಇಬ್ರಿಯ ಭಾಷೆಯಲ್ಲಿರುವ ಕ್ರಿಯಾಪದಕ್ಕೆ ಬಚ್ಚಿಡುವುದು ಎಂಬ ಅರ್ಥವಿದೆ. ಮೋಶೆಯ ತಾಯಿ ತನ್ನ ಕೂಸನ್ನು ಮೂರು ತಿಂಗಳು ಬಚ್ಚಿಟ್ಟಳೆಂದು ವಿಮೋಚನಕಾಂಡ 2:2 ಹೇಳುವಾಗಲೂ ಅದೇ ಪದ ಬರುತ್ತದೆ. ಬಚ್ಚಿಟ್ಟ ಕೂಸಿಗೆ ದಿನವೂ ಹಾಲೂಡಿಸಬೇಕು, ಅದರ ಉಸಿರಿಗೆ ಕಿವಿಗೊಟ್ಟಿರಬೇಕು. ಬಹುಮಾನಕ್ಕೆಂದು ಕಲಿತು ಮತ್ತೆ ಮುಟ್ಟದೆ ಬಿಟ್ಟ ವಾಕ್ಯಗಳಿಗೆ ನಮ್ಮಿಂದ ಇಂಥ ಆರೈಕೆ ಸಿಗುವುದಿಲ್ಲ.

ಮತ್ತಾಯ 4ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಅಡವಿಯಲ್ಲಿ ಸೈತಾನನು ತನ್ನನ್ನು ಶೋಧಿಸಿದಾಗ ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು, ಅದರಲ್ಲೂ ಹತ್ತಿರಹತ್ತಿರದ ಭಾಗಗಳವು: 8:3, 6:16, 6:13. ಇಸ್ರಾಯೇಲ್ಯರನ್ನು ದೇವರು 40 ವರ್ಷ ಅರಣ್ಯದಲ್ಲಿ ನಡೆಸಿ, ಹಸಿಯಗೊಟ್ಟು, ಅವರ ಹೃದಯದಲ್ಲೇನಿದೆಯೆಂದು ಪರೀಕ್ಷಿಸಿದ್ದನ್ನು ನೆನಪಿಸುವ ಮಾತುಗಳೇ 8ನೇ ಅಧ್ಯಾಯದ ಆರಂಭದಲ್ಲಿವೆ. 40 ದಿನ ಉಪವಾಸವಿದ್ದು ಅದೇ ಬಗೆಯ ಅಡವಿಯಲ್ಲಿ ನಿಂತಿದ್ದ ಯೇಸು, ತನ್ನ ಹಸಿವನ್ನು ಆ ಭಾಗದ ಬೆಳಕಿನಲ್ಲಿ ಅರ್ಥಮಾಡಿಕೊಂಡಿದ್ದನೆಂದು ನಾನು ನಂಬುತ್ತೇನೆ. ಬಾಯಿಪಾಠವಷ್ಟೇ ಸಾಕಾಗಿದ್ದರೆ ಸೈತಾನನಿಗೂ ಅದು ಇತ್ತು. ಅವನು ಕೀರ್ತನೆ 91ನ್ನು ಎತ್ತಿ ಹೇಳಿದನು. ಆದರೆ ‘ನಿನ್ನ ಎಲ್ಲಾ ಮಾರ್ಗಗಳಲ್ಲಿ’ ಎಂಬ ಮಾತನ್ನು ಬಿಟ್ಟುಬಿಟ್ಟನು. ಹಿಂದುಮುಂದಿನ ವಚನಗಳನ್ನು ಬಲ್ಲವನಿಗೆ ಮಾತ್ರ ಆ ಕೊರತೆ ಕಣ್ಣಿಗೆ ಬೀಳುತ್ತದೆ.

ಆದಕಾರಣ ನೂರಾರು ಬಿಡಿ ವಾಕ್ಯಗಳನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಶೋಧನೆ ಕೋಪವಾಗಿರುವುದರಿಂದ ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನು ಹಿಡಿದು, 19 ಮತ್ತು 20ನೇ ವಚನಗಳಲ್ಲಿ ನಿಲ್ಲಿರಿ. ಮೌನವಾಗಿ ಓದಬೇಡಿ. ಕೀರ್ತನೆ 1:2ರಲ್ಲಿ ‘ಧ್ಯಾನಿಸು’ ಎಂದಾಗಿರುವ ಇಬ್ರಿಯ ಪದಕ್ಕೆ ಬಾಯೊಳಗೇ ಗುನುಗುವುದು ಎಂಬ ಅರ್ಥವಿದೆ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಅದೇ ಪದ ಬಂದಿದೆ. ನಾಲಿಗೆಗೆ ರೂಢಿಯಾದ ಮಾತು, ತಲೆ ಬಿಸಿಯಾಗಿರುವಾಗಲೂ ನಾಲಿಗೆಗೆ ಬರುತ್ತದೆ.

ಸೋಲುವ ಹೊತ್ತು ಯಾವುದೆಂದು ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಗೊತ್ತಿರುತ್ತದೆ. ನನ್ನದು ರಾತ್ರಿ ಮೊಬೈಲಿನಲ್ಲಿ ಯಾರಿಗಾದರೂ ಉತ್ತರ ಬರೆಯುವ ಹೊತ್ತು. ಕಟುವಾದ ನಾಲ್ಕು ಸಾಲು ಬರೆದು, ಕಳುಹಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟಿದ್ದಾಗ, ಮನುಷ್ಯನ ಕೋಪದಿಂದ ದೇವರ ನೀತಿ ನಡೆಯುವುದಿಲ್ಲವೆಂಬ ಆ 20ನೇ ವಚನದ ಮಾತು ತುಟಿಗೆ ಬಂದು, ಬರೆದದ್ದನ್ನೆಲ್ಲ ಅಳಿಸಿದ್ದುಂಟು. ಅಂದು ಬೆಳಗ್ಗೆ ಅದನ್ನು ಗುನುಗಿಕೊಂಡಿದ್ದೆ. ಹಾಗೆ ಮಾಡದ ದಿನಗಳಲ್ಲಿ ಕಳುಹಿಸಿಬಿಟ್ಟದ್ದೂ ಉಂಟು. ಹೀಗೆಂದು ವಾಕ್ಯವನ್ನು ಉಚ್ಚರಿಸಿದೊಡನೆ ಫಲಿಸುವ ಮಂತ್ರವೆಂದು ತಿಳಿಯಬಾರದು. ಅದನ್ನು ಪವಿತ್ರಾತ್ಮನ ಕತ್ತಿಯೆಂದು ಕರೆಯುವ ಎಫೆಸದವರಿಗೆ 6:17ರ ಬೆನ್ನಿಗೇ ಪ್ರಾರ್ಥನೆಯ ಮಾತು ಬರುತ್ತದೆ. ಆದ್ದರಿಂದ ವಚನವನ್ನು ಹೇಳಿದ ಮೇಲೆ, ‘ಕರ್ತನೇ, ಈ ಕೋಪದಿಂದ ನನ್ನನ್ನು ಬಿಡಿಸು’ ಎಂದು ಅವನನ್ನೇ ಬೇಡಿಕೊಳ್ಳಿ.

ಬಿದ್ದ ದಿನ ಅಡಗಿಕೊಳ್ಳಬೇಡಿ. ಒಪ್ಪಿಕೊಂಡವರನ್ನು ಆತನು ಕ್ಷಮಿಸುವನೆಂದು 1 ಯೋಹಾನ 1:9 ಹೇಳುತ್ತದೆ. ನಿಮ್ಮ ಮಾತಿನಿಂದ ನೊಂದವರು ಈಗ ನೆನಪಾಗುತ್ತಿದ್ದರೆ, ಯಾಕೋಬನ ಪತ್ರಿಕೆಯನ್ನು ತೆರೆಯುವ ಮುನ್ನ ಅವರ ಬಳಿಗೆ ಹೋಗಿ ಬನ್ನಿ.