ಕ್ಲೋಸ್ಡ್ ಅಡಾಪ್ಷನ್‌ನಲ್ಲಿ ಮಗುವನ್ನು ಕೊಟ್ಟರೆ ಮುಂದೆ ಹೇಗಿರುತ್ತೆ?

ನಿಮ್ಮ ಪ್ರಶ್ನೆ ಓದಿದೆ. ಏಳು ತಿಂಗಳು ತುಂಬಿದೆ, ಮಗುವನ್ನು ಸಾಕುವ ಸ್ಥಿತಿಯಲ್ಲಿಲ್ಲ, ನಿಮ್ಮ ಹೆಸರು ಯಾರಿಗೂ ತಿಳಿಯದ ಹಾಗೆ ದತ್ತು ಕೊಡಬಹುದಾ, ಆಮೇಲೆ ಜೀವನ ಹೇಗಿರುತ್ತೆ ಅಂತ ಕೇಳಿದ್ದೀರಿ. ಹತ್ತೊಂಬತ್ತು ವರ್ಷದ ಹಿಂದೆ ನಾನೂ ಇದೇ ದಾರಿಯಲ್ಲಿ ಮಗಳನ್ನು ಕೊಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಲೋಸ್ಡ್ ಅಂದರೆ ಮಗು ಯಾರ ಮನೆ ಸೇರಿತು ಅಂತ ನಿಮಗೆ ಗೊತ್ತಾಗುವುದಿಲ್ಲ, ಹೆತ್ತವಳು ಯಾರು ಅಂತ ಆ ಮನೆಯವರಿಗೂ ಗೊತ್ತಾಗುವುದಿಲ್ಲ. ಪತ್ರ, ಫೋಟೋ, ಭೇಟಿ ಯಾವುದೂ ಇರುವುದಿಲ್ಲ. ಹಲವು ದೇಶಗಳಲ್ಲಿ ಸಾಕು ತಂದೆತಾಯಿಯ ಹೆಸರಿನಲ್ಲಿ ಹೊಸ ಜನನ ಪ್ರಮಾಣಪತ್ರ ಬರುತ್ತೆ, ಹಳೆಯದನ್ನು ಸೀಲ್ ಮಾಡಿ ಇಡುತ್ತಾರೆ. ಓಪನ್ ಅಡಾಪ್ಷನ್‌ನಲ್ಲಿ ಎರಡೂ ಕಡೆಯವರಿಗೆ ಪರಸ್ಪರ ಪರಿಚಯ ಇರುತ್ತೆ. ಇವೆರಡರ ನಡುವೆ ಇನ್ನೊಂದು ದಾರಿಯೂ ಕೆಲವು ಕಡೆ ಇದೆ. ಹೆಸರು, ವಿಳಾಸ ಬಿಟ್ಟುಕೊಡದೆ ದತ್ತು ಸಂಸ್ಥೆಯ ಕೈಯಿಂದಲೇ ಆಗಾಗ ಒಂದು ಪತ್ರವೋ ಫೋಟೋವೋ ಹೋಗಿ ಬರುತ್ತೆ. ಇಂಥದ್ದೊಂದು ಇದೆ ಅಂತ ನನಗೆ ಆಗ ಯಾರೂ ಹೇಳಲಿಲ್ಲ. ನೀವೇ ಬಾಯಿಬಿಟ್ಟು ಕೇಳಿ.

ನಾನು ಕ್ಲೋಸ್ಡ್ ಆರಿಸಿಕೊಂಡಿದ್ದು ಭಯದಿಂದ. ಮಗುವಿನ ತಂದೆ ಕೈ ಮಾಡುವ ಮನುಷ್ಯ. ನನ್ನನ್ನು ಹುಡುಕಿ ಬಂದರೂ ಮಗುವಿನ ಹತ್ತಿರ ಹೋಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ನನಗೆ ತಿಳಿದ ಮಟ್ಟಿಗೆ ಅವನು ಇವತ್ತಿನವರೆಗೂ ಅವಳ ಹತ್ತಿರ ಸುಳಿದಿಲ್ಲ. ಹಾಗಾಗಿ ಇದು ಕೆಟ್ಟ ಆಯ್ಕೆ ಅಂತ ಯಾರಾದರೂ ಒಂದೇ ಮಾತಿನಲ್ಲಿ ಹೇಳಿದರೆ ನಾನು ಒಪ್ಪುವುದಿಲ್ಲ. ಹಿಂಸೆ, ಬೆದರಿಕೆ ಇರುವ ಕಡೆ ಹೆಸರು ಗುಟ್ಟಾಗಿರುವುದು ತುಂಬಾ ಮುಖ್ಯ. ಆದರೆ ತಂದೆಯ ಒಪ್ಪಿಗೆಯೂ ಬೇಕಾ ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ. ದತ್ತು ಸಂಸ್ಥೆಯವರ ಜೊತೆಗೆ ಬೇರೆ ವಕೀಲರೊಬ್ಬರನ್ನೂ ಕೇಳಿ.

ಇನ್ನು ಯಾರೂ ಮುಂಚೆ ಹೇಳದ ವಿಷಯ. ಹೆರಿಗೆಯಾದ ಮೂರನೇ ದಿನ ಬೆಳಿಗ್ಗೆ ಎದ್ದಾಗ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೈಟಿಯ ಮುಂಭಾಗವೆಲ್ಲ ಒದ್ದೆ. ಏನಾಗಿದೆ ಅಂತ ತಿಳಿಯಲು ಒಂದು ನಿಮಿಷ ಬೇಕಾಯಿತು. ಮಗು ಆಗಲೇ ಹೋಗಿತ್ತು. ದೇಹಕ್ಕೆ ದತ್ತು ಪತ್ರ ಗೊತ್ತಿಲ್ಲ, ಹಾಲು ಬಂದೇ ಬರುತ್ತೆ, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ನರ್ಸ್ ಒಬ್ಬರು ತಣ್ಣೀರಿನ ಬಟ್ಟೆ ಇಟ್ಟು, ಪಕ್ಕದಲ್ಲೇ ಕೂತಿದ್ದರು. ಏನೂ ಮಾತಾಡಲಿಲ್ಲ. ಆ ಒಂದು ಗಂಟೆಯನ್ನು ಮರೆತಿಲ್ಲ. ಆ ವಾರ ನಿಮ್ಮ ಜೊತೆ ಯಾರಿರುತ್ತಾರೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ. ಹಾಲು ಇಳಿಸಲು ಏನು ಮಾಡಬೇಕು ಅಂತ ಡಾಕ್ಟರನ್ನು ಮುಂಚೆಯೇ ಕೇಳಿಡಿ. ವಾರಗಟ್ಟಲೆ ನಿದ್ದೆ ಬಾರದೆ, ಏನೂ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಗುವನ್ನು ಕೊಟ್ಟವರೂ ಬಾಣಂತಿಯರೇ ಅಲ್ವಾ?

ಎರಡನೆಯದು ದತ್ತು ಸಂಸ್ಥೆಯವರು ಇಟ್ಟುಕೊಳ್ಳುವ ಫೈಲು. ನಾನು ಫಾರಂ ತುಂಬಿದ್ದು ಅವಸರದಲ್ಲಿ. ಮನೆತನದ ಕಾಯಿಲೆಗಳು ಅನ್ನುವ ಜಾಗದಲ್ಲಿ ‘ಇಲ್ಲ’ ಅಂತ ಗೀಚಿಬಿಟ್ಟೆ. ನಮ್ಮಮ್ಮನಿಗೂ ಚಿಕ್ಕಮ್ಮನಿಗೂ ಥೈರಾಯ್ಡ್ ಇತ್ತು, ಆಗ ಹೊಳೆಯಲೇ ಇಲ್ಲ. ಐದು ವರ್ಷದ ಮೇಲೆ ನನಗೂ ಬಂತು. ಅಂದು ರಾತ್ರಿ ನನಗೆ ಬಂದ ಮೊದಲ ಯೋಚನೆ, ಇದು ಅವಳಿಗೆ ಗೊತ್ತಿಲ್ಲ ಅಂತ. ಮಾರನೇ ದಿನವೇ ಸಂಸ್ಥೆಗೆ ಪತ್ರ ಬರೆದೆ, ಅವರು ಫೈಲಿಗೆ ಸೇರಿಸಿಕೊಂಡರು. ನೀವು ಆ ಒಂದು ಪುಟಕ್ಕೆ ಒಂದು ವಾರ ಬೇಕಾದರೂ ತಗೊಳ್ಳಿ. ಸಕ್ಕರೆ ಕಾಯಿಲೆ, ಹೃದಯ, ಕ್ಯಾನ್ಸರ್, ಮಾನಸಿಕ ಕಾಯಿಲೆ, ಎರಡೂ ಕಡೆಯದನ್ನು ಗೊತ್ತಿದ್ದಷ್ಟು ಬರೆಯಿರಿ. ಹೆಸರು ಹಾಕದೆ ಮಗುವಿಗೊಂದು ಪತ್ರವನ್ನೂ ಇಡಬಹುದಾ ಅಂತ ಕೇಳಿ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಸೀಲ್ ಮಾಡಿದ ಫೈಲು ಶಾಶ್ವತವಾಗಿ ಹಾಗೇ ಇರುತ್ತೆ ಅಂದುಕೊಂಡು ಸಹಿ ಹಾಕಬೇಡಿ. ಸ್ಕಾಟ್ಲೆಂಡಿನಲ್ಲಿ 1930ರಿಂದಲೇ ದತ್ತು ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮೂಲ ಜನನ ದಾಖಲೆ ನೋಡಬಹುದಿತ್ತು. ಇಂಗ್ಲೆಂಡಿನಲ್ಲಿ 1975ರ ಕಾನೂನು ಆ ಹಕ್ಕು ಕೊಟ್ಟಿತು, ಅದಕ್ಕೂ ಮುಂಚೆ ದತ್ತು ಹೋದವರಿಗೂ ಸೇರಿಸಿ. ಯಾವತ್ತೂ ಗೊತ್ತಾಗಲ್ಲ ಅಂತ ನಂಬಿ ಕೊಟ್ಟ ತಾಯಂದಿರಿಗೆ ಹೇಗಾಗಿರಬೇಕು ಯೋಚಿಸಿ. ನ್ಯೂಜಿಲೆಂಡ್ 1985ರಲ್ಲಿ ಇಂಥದ್ದೇ ಕಾನೂನು ತಂದಿತು. ಫ್ರಾನ್ಸಿನಲ್ಲಿ ಇವತ್ತಿಗೂ ಹೆಸರು ಹೇಳದೆ ಹೆರಬಹುದು. ಆದರೆ ಅಲ್ಲೂ 2002ರ ಕಾನೂನಿನ ನಂತರ, ಮಕ್ಕಳು ಬಂದು ಕೇಳಿದರೆ ತಾಯಿಯನ್ನು ಹುಡುಕಿ ಒಪ್ಪಿಗೆ ಕೇಳುವ ಏರ್ಪಾಡಿದೆ. ಇದೆಲ್ಲ ಬಿಡಿ, ಈಗ ಡಿಎನ್‌ಎ ಪರೀಕ್ಷೆ ಮನೆಗೇ ಬರುತ್ತೆ. ನಿಮ್ಮ ದೂರದ ಸಂಬಂಧಿಯೊಬ್ಬರು ಸುಮ್ನೆ ಕುತೂಹಲಕ್ಕೆ ಎಂಜಲು ಕಳಿಸಿದರೂ ಸಾಕು, ಎಳೆ ಸಿಕ್ಕಿಬಿಡುತ್ತೆ.

ಸಹಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಹೊಟ್ಟೆಯಲ್ಲಿರುವಾಗಲೇ ಸಹಿ ಹಾಕಿ ಅಂತ ನನ್ನನ್ನು ಒಬ್ಬರು ಪದೇ ಪದೇ ಒತ್ತಾಯ ಮಾಡಿದ್ದರು. ದೇಶ ದಾಟಿ ಹೋಗುವ ದತ್ತುಗಳ ಬಗ್ಗೆ 1993ರಲ್ಲಿ ಆದ ಹೇಗ್ ಒಪ್ಪಂದವೇ ತಾಯಿಯ ಒಪ್ಪಿಗೆ ಹೆರಿಗೆ ಆದ ಮೇಲೆಯೇ ಆಗಬೇಕು ಅನ್ನುತ್ತೆ. ಇಂಗ್ಲೆಂಡಿನಲ್ಲಿ ಮಗುವಿಗೆ ಆರು ವಾರ ಆಗುವ ಮುಂಚೆ ತಾಯಿ ದತ್ತಿಗೆ ಕೊಟ್ಟ ಒಪ್ಪಿಗೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿ ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು 60 ದಿನ ಇದೆ. ನೀವಿರುವ ಕಡೆ ಎಷ್ಟು ದಿನ ಅಂತ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ದುಡ್ಡಿನ ಆಸೆ ತೋರಿಸಿ, ಕಾಗದಪತ್ರವೇ ಇಲ್ಲದೆ ಮಗುವನ್ನು ಕೇಳುವವರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ಪಶ್ಚಾತ್ತಾಪ ಇದೆಯಾ ಅಂತ ಕೇಳಿದ್ದೀರಿ. ಕೊಟ್ಟಿದ್ದಕ್ಕೆ ಇಲ್ಲ. ಅವಳು ಹೇಗಿದ್ದಾಳೆ ಅಂತ ಒಂದು ಸಾಲೂ ತಿಳಿಯದ ಹಾಗೆ ಕೊಟ್ಟಿದ್ದಕ್ಕೆ ಇದೆ, ಅವಳ ಹುಟ್ಟಿದ ದಿನ ಬಂದಾಗ ಜಾಸ್ತಿ. ಈ ನಡುವೆ ಮೂರು ಸಲ ಮನೆ ಬದಲಾಯಿಸಿದೆ. ಮೂರು ಸಲವೂ ಹೊಸ ವಿಳಾಸವನ್ನು ಆ ಫೈಲಿಗೆ ಕಳಿಸಿದ್ದೇನೆ.