ಹೊರದೇಶದ ಅನಾಥಾಶ್ರಮಕ್ಕೆ ಕಾಣಿಕೆ ಕಳಿಸುವ ಮುಂಚೆ ಏನು ಕೇಳಬೇಕು?

ನಿಮ್ಮ ಚರ್ಚ್ ಸಭೆಯವರು ಕೀನ್ಯಾದ ಒಂದು ಅನಾಥಾಶ್ರಮಕ್ಕೆ ತಿಂಗಳು ತಿಂಗಳು ದುಡ್ಡು ಕಳಿಸೋಣ ಅಂತಿದ್ದಾರೆ. ರಜೆಯಲ್ಲಿ ಯೌವನಸ್ಥರ ತಂಡವೂ ಎರಡು ವಾರ ಅಲ್ಲಿದ್ದು ಬರುತ್ತದಂತೆ. ಇದು ಒಳ್ಳೆಯ ಕೆಲಸವೇ ಅಲ್ವಾ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಇಂಥದ್ದೇ ಕೆಲಸದ ಲೆಕ್ಕವನ್ನು ನಮ್ಮ ಸಭೆಯಲ್ಲಿ ಆರು ವರ್ಷ ಬರೆದವನು ನಾನು. ಅದೂ ಕೀನ್ಯಾದ್ದೇ. ದುಡ್ಡು ಕಳಿಸಿದ್ದೇನೆ, ರಸೀದಿ ಜೋಡಿಸಿಟ್ಟಿದ್ದೇನೆ, ಒಂದು ಸಲ ಹೋಗಿಯೂ ಬಂದಿದ್ದೇನೆ. ಕಳಿಸಿ ಅಂತಲೇ ಹೇಳುತ್ತೇನೆ. ಆದರೆ ಆ ದುಡ್ಡು ಮಗುವನ್ನು ಆಶ್ರಮದಲ್ಲಿ ಇಟ್ಟುಕೊಳ್ಳುವುದಕ್ಕೆ ಹೋಗುತ್ತದೋ, ಮನೆಗೆ ತಲುಪಿಸುವುದಕ್ಕೆ ಹೋಗುತ್ತದೋ ಅಂತ ಮೊದಲು ತಿಳಿದುಕೊಳ್ಳಿ.

ಆಗ ನಮ್ಮ ಮನೆ ಫ್ರಿಜ್ ಮೇಲೆ ಆ ಆಶ್ರಮದ ಒಬ್ಬ ಹುಡುಗನ ಫೋಟೊ ಕಾರ್ಡ್ ಅಂಟಿಸಿದ್ದೆವು. ಹೆಸರು, ವಯಸ್ಸು ಎಂಟು, ಇಷ್ಟದ ಆಟ ಫುಟ್ಬಾಲ್. ಕೆಳಗೆ ‘ಅನಾಥ’ ಅಂತ ಒಂದೇ ಪದ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಮಗಳು ಅವನ ಹೆಸರು ತಪ್ಪದೆ ಹೇಳುತ್ತಿದ್ದಳು. ನಾನು ಅಲ್ಲಿಗೆ ಹೋದಾಗ, ಭಾನುವಾರ ಆರಾಧನೆ ಮುಗಿದ ಮೇಲೆ, ಗೇಟಿನ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದರು. ಈ ಹುಡುಗ ಅವರ ಮೊಣಕಾಲಿಗೆ ಒರಗಿಕೊಂಡು ನಿಂತಿದ್ದ. ಅವನ ಸ್ಕೂಲ್ ಸ್ವೆಟರ್ ಮೊಣಕೈ ಹತ್ತಿರ ಹರಿದಿತ್ತು. ಅದನ್ನು ಬಿಚ್ಚಿಸದೆ, ಅವನ ಮೈಮೇಲಿದ್ದ ಹಾಗೇ ಹೊಲಿಯುತ್ತಿದ್ದರು. ಸೂಜಿ ದಾರ ಮನೆಯಿಂದಲೇ ತಂದಿದ್ದರು. ಹೊಲಿದು ಮುಗಿಸಿ ದಾರವನ್ನು ಹಲ್ಲಿನಲ್ಲಿ ಕಡಿದರು. ಯಾರು ಇವರು ಅಂತ ಕೇಳಿದೆ. ‘ಶೋಶೋ’ ಅಂದ ಹುಡುಗ. ಅಲ್ಲಿ ಅಜ್ಜಿಗೆ ಹಾಗನ್ನುತ್ತಾರೆ.

ಆಮೇಲೆ ಒಂದೊಂದಾಗಿ ತಿಳಿಯಿತು. ಅಪ್ಪ ತೀರಿಕೊಂಡಿದ್ದ. ಅಮ್ಮ ದೂರದ ಪೇಟೆಯಲ್ಲಿ ಮನೆಕೆಲಸಕ್ಕಿದ್ದಳು. ಅಜ್ಜಿ ಪ್ರತಿ ತಿಂಗಳೂ ಮೊಮ್ಮಗನನ್ನು ನೋಡಲು ಬರುತ್ತಿದ್ದರು. ಅವನನ್ನು ಬಿಟ್ಟದ್ದು ಬೇಡವಾಗಿ ಅಲ್ಲ, ಓದಿಸೋಕೆ ಆಗದೆ. ಕೀನ್ಯಾದಲ್ಲಿ 2003ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗೆ ಫೀಸ್ ಇಲ್ಲ, ನಿಜ. ಆದರೆ ಯೂನಿಫಾರ್ಮ್, ಶೂ, ಪುಸ್ತಕ ಯಾರು ಕೊಡುತ್ತಾರೆ? ಆಶ್ರಮ ಕೊಡುತ್ತಿತ್ತು. ಅಂದರೆ ನಾವು ಕೊಡುತ್ತಿದ್ದೆವು. ಮಗು ಅಜ್ಜಿಯ ಮನೆ ಬಿಟ್ಟು ಬಂದರೆ ಮಾತ್ರ ಕೊಡುತ್ತಿದ್ದೆವು, ಅಷ್ಟೇ.

ಕಾರ್ಡ್‌ನಲ್ಲಿದ್ದದ್ದು ಪೂರಾ ಸುಳ್ಳೂ ಅಲ್ಲ, ಅದೇ ತಮಾಷೆ. ಯುನಿಸೆಫ್ ಲೆಕ್ಕದಲ್ಲಿ ತಂದೆ ತಾಯಿಯಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥ. 2015ರಲ್ಲಿ ಅವರು ಕೊಟ್ಟ ಅಂದಾಜು ಸುಮಾರು 14 ಕೋಟಿ. ಅದರಲ್ಲಿ ಇಬ್ಬರನ್ನೂ ಕಳೆದುಕೊಂಡವರು 1.51 ಕೋಟಿ. ಅನಾಥರು ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಅಮ್ಮನ ಜೊತೆಗೋ ಅಜ್ಜಿಯ ಜೊತೆಗೋ ಬೇರೆ ನೆಂಟರ ಮನೆಯಲ್ಲೋ ಬದುಕುತ್ತಿದ್ದಾರೆ. ಆದರೆ ಕಾಣಿಕೆ ಕೇಳುವವರು ವೇದಿಕೆ ಮೇಲೆ ಹೇಳುವುದು ಆ ದೊಡ್ಡ ಸಂಖ್ಯೆಯನ್ನೇ. ನಾನೂ ಹೇಳಿದ್ದೇನೆ, ಸ್ಲೈಡ್ ಹಾಕಿಕೊಂಡು.

ನಿಮ್ಮ ಸಭೆಯಲ್ಲೂ ಯಾರಾದರೂ ಜಾರ್ಜ್ ಮುಲ್ಲರ್ ಹೆಸರು ತೆಗೆದೇ ತೆಗೆಯುತ್ತಾರೆ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶುರು ಮಾಡಿ, 1870ರ ಹೊತ್ತಿಗೆ ಐದು ದೊಡ್ಡ ಕಟ್ಟಡಗಳಲ್ಲಿ ಎರಡು ಸಾವಿರ ಮಕ್ಕಳಿಗೆ ಜಾಗ ಮಾಡಿದ, ಯಾರ ಹತ್ತಿರವೂ ಕೈಚಾಚದೆ ಪ್ರಾರ್ಥನೆ ಒಂದರಿಂದಲೇ ನಡೆಸಿದ ಅಂತ. ನಮ್ಮ ಅಯ್ಯನವರಿಗೂ ಈ ಕಥೆ ಅಂದರೆ ಪ್ರಾಣ. ಆದರೆ ಕಥೆಯ ಇನ್ನೊಂದು ತುಂಡನ್ನು ಯಾರೂ ಹೇಳುವುದಿಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರೆ ಮಾತ್ರ ಮಗುವನ್ನು ಸೇರಿಸಿಕೊಳ್ಳುವುದು ಮುಲ್ಲರನ ನಿಯಮವಾಗಿತ್ತು. ಆ ನಿಯಮ ಹಾಕಿದ್ದರೆ ನಮ್ಮ ಆಶ್ರಮದಲ್ಲಿ ನಾಲ್ಕು ಮಕ್ಕಳೂ ಉಳಿಯುತ್ತಿರಲಿಲ್ಲ. ಇನ್ನೊಂದು ಮಾತು, ಅವನ ಸಂಸ್ಥೆಯೇ 1958ರಲ್ಲಿ ಆ ಕಟ್ಟಡಗಳನ್ನು ಬಿಟ್ಟುಕೊಟ್ಟು, ಮನೆಯಂಥ ಸಣ್ಣ ಸಣ್ಣ ಗುಂಪುಗಳ ಕಡೆ ತಿರುಗಿತು.

ಅಲ್ಲಿ ಊಟ, ಹಾಸಿಗೆ, ಬೈಬಲ್ ಪಾಠ ಎಲ್ಲ ಇದೆ, ಇನ್ನೇನು ಬೇಕು ಅಂತ ನಮ್ಮ ಕಮಿಟಿಯಲ್ಲೂ ಕೇಳಿದರು. ಅದಕ್ಕೆ ರೊಮೇನಿಯಾ ನೋಡಿ. 1989ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಅಧಿಕಾರದಿಂದ ಬಿದ್ದಾಗ ಅಲ್ಲಿನ ಸರ್ಕಾರಿ ಆಶ್ರಮಗಳಲ್ಲಿ ಲಕ್ಷಕ್ಕೂ ಜಾಸ್ತಿ ಮಕ್ಕಳಿದ್ದರು. ಮುಂದೆ ರಾಜಧಾನಿ ಬುಖಾರೆಸ್ಟ್‌ನಲ್ಲಿ ಆಶ್ರಮದ 136 ಪುಟ್ಟ ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅರ್ಧ ಜನರನ್ನು ಸಾಕುಮನೆಗಳಿಗೆ, ಅಂದರೆ ಮಗುವನ್ನು ತಮ್ಮ ಮನೆಯಲ್ಲೇ ಸಾಕುವ ಕುಟುಂಬಗಳಿಗೆ, ಕಳಿಸಿದರು. ಮನೆಗೆ ಹೋದವರ ಬುದ್ಧಿ, ಸಾಕುವವರನ್ನು ಹಚ್ಚಿಕೊಳ್ಳುವ ಗುಣ ಎರಡೂ ಸುಧಾರಿಸಿದವು. ಎರಡು ವರ್ಷ ತುಂಬುವ ಮುಂಚೆ ಹೋದವರದು ಇನ್ನೂ ಚೆನ್ನಾಗಿತ್ತು. ಅಲ್ಲಿನ ಆಶ್ರಮಗಳು ತೀರಾ ಕೆಟ್ಟದಾಗಿದ್ದವು, ಒಪ್ಪುತ್ತೇನೆ. ನಮ್ಮದು ಹಾಗಿರಲಿಲ್ಲ, ನೋಡಿಕೊಳ್ಳುವವರು ಒಳ್ಳೆಯವರೇ. ಆದರೆ ಪಾಳಿ ಮುಗಿದ ಮೇಲೆ ಅವರೂ ಮನೆಗೆ ಹೋಗುತ್ತಾರೆ ತಾನೇ?

ಈಗ ನಿಮ್ಮ ವಿಷಯಕ್ಕೆ ಬರೋಣ. ಕೀನ್ಯಾ ಸರ್ಕಾರ 2017ರ ನವೆಂಬರ್‌ನಲ್ಲಿ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ, ಮಕ್ಕಳನ್ನು ಆಶ್ರಮದಿಂದ ಮನೆಗಳಿಗೆ ಕಳಿಸುವ ಹತ್ತು ವರ್ಷದ ಯೋಜನೆಯನ್ನೂ ತಂದಿತು. ಹಾಗಾಗಿ ನೋಂದಣಿ ಪತ್ರ ಕೇಳಿ, ಮೊದಲು ಅದರ ತಾರೀಕು ನೋಡಿ. 2017ರ ನಂತರ ಶುರುವಾದ ಜಾಗವಾದರೆ ಹೇಗೆ ಅನುಮತಿ ಸಿಕ್ಕಿತು ಅಂತ ನೇರವಾಗಿ ಕೇಳಿ. ಪ್ರತಿ ಮಗುವನ್ನೂ ಅಲ್ಲಿರಿಸಲು ಕೋರ್ಟ್ ಆದೇಶ ಇದೆಯಾ ಅಂತ ಕೇಳಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು: ಎಷ್ಟು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಇದ್ದಾರೆ, ರಜೆಯಲ್ಲಿ ಎಷ್ಟು ಜನ ಊರಿಗೆ ಹೋಗುತ್ತಾರೆ, ಹೋದ ವರ್ಷ ಎಷ್ಟು ಜನ ಮನೆಗೇ ವಾಪಸ್ ಹೋದರು? ಕೊನೆಯದಕ್ಕೆ ‘ಯಾರೂ ಇಲ್ಲ’ ಅಂತ ಬಂದರೆ, ಯಾಕೆ ಅಂತ ಕೇಳಿ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಾನು ನಾಲ್ಕು ವರ್ಷ ಕೇಳಲಿಲ್ಲ. ಕೇಳಿದ ಮೇಲೆ ಅಲ್ಲಿನ ಮೇಲ್ವಿಚಾರಕಿ ಬೇಜಾರು ಮಾಡಿಕೊಳ್ಳಲಿಲ್ಲ. ‘ಇಷ್ಟು ವರ್ಷ ನೀವು ಯಾರೂ ಕೇಳಲೇ ಇಲ್ಲವಲ್ಲ’ ಅಂದರು.

ಯೌವನಸ್ಥರ ಪ್ರವಾಸ ಬೇಡ. ಎರಡು ವಾರ ಎತ್ತಿ ಆಡಿಸಿ, ಹಾಡು ಕಲಿಸಿ, ಅತ್ತು ವಿಮಾನ ಹತ್ತುತ್ತಾರೆ. ಮುಂದಿನ ತಿಂಗಳು ಇನ್ನೊಂದು ತಂಡ ಬರುತ್ತದೆ. ಮಕ್ಕಳಿಗೆ ಅದು ಬಿಟ್ಟುಹೋಗುವವರ ಸಾಲು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಆಶ್ರಮಗಳಲ್ಲಿ ಸ್ವಯಂಸೇವೆ ಹೆಸರಿನ ಪ್ರವಾಸಗಳಿಂದ ಆಗುವ ತೊಂದರೆಯನ್ನು ನಿರ್ಣಯದಲ್ಲೇ ಹೇಳಿದೆ. ಒಳ್ಳೆಯ ಮನಸ್ಸು ಇದ್ದರೆ ಸಾಕು ಅನ್ನುವವರಿಗೆ ಹೈಟಿಯ ಉದಾಹರಣೆ ಕೊಡುತ್ತೇನೆ. 2010ರ ಭೂಕಂಪದ ನಂತರ ಅಮೆರಿಕದ ಹತ್ತು ಜನ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಆ ಮಕ್ಕಳಿಗೆ ಹೆತ್ತವರಿದ್ದರು.

ನಮ್ಮ ಸಭೆ ಏನು ಮಾಡಿತು ಅಂದರೆ, ಮೊದಲು ಜಗಳ ಮಾಡಿತು. ಯಾಕೋಬನ ಪತ್ರಿಕೆಯಲ್ಲಿ ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡಿಕೊಳ್ಳಬೇಕು ಅಂತಿದೆ, ನೀನು ನಿಲ್ಲಿಸು ಅಂತೀಯಾ ಅಂತ ಒಬ್ಬ ಹಿರಿಯರು ನನ್ನ ಮೇಲೆ ರೇಗಿದರು. ಅದೇ ವಾಕ್ಯದಲ್ಲಿ ವಿಧವೆಯೂ ಇದ್ದಾಳಲ್ಲ ಅಂಕಲ್, ಮಗುವನ್ನು ಅವಳಿಂದ ಬೇರೆ ಮಾಡಿ ಅಂತ ಎಲ್ಲಿದೆ ಅಂದೆ. ಒಂದು ತಿಂಗಳು ಮಾತಾಡಿಸಲಿಲ್ಲ. ಆಮೇಲೆ ಅವರೇ ಕಮಿಟಿಗೆ ಬಂದು ಕೂತರು.

ಕಾಣಿಕೆ ಒಮ್ಮೆಲೇ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮೊದಲು ಪೆಟ್ಟು ಬೀಳುವುದು ಮಕ್ಕಳ ತಟ್ಟೆಗೆ. ಅರ್ಧ ದುಡ್ಡಿನಲ್ಲಿ ಆಶ್ರಮದವರು ಅಲ್ಲಿನವರೇ ಆದ ಇಬ್ಬರು ಸಮಾಜ ಕಾರ್ಯಕರ್ತರನ್ನು ಇಟ್ಟುಕೊಂಡರು. ಅವರು ಒಂದೊಂದೇ ಊರಿಗೆ ಹೋಗಿ ಮನೆ ನೋಡಿದರು, ಜಿಲ್ಲೆಯ ಮಕ್ಕಳ ಅಧಿಕಾರಿಯ ಜೊತೆ ಕೂತು ಫೈಲ್ ಸರಿ ಮಾಡಿದರು. ಮಗು ವಾಪಸ್ ಹೋದ ಮನೆಗೆ ಶಾಲೆಯ ಖರ್ಚು ಹೋಗತೊಡಗಿತು. ನಮ್ಮ ಹುಡುಗ ಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು. ಎಲ್ಲ ಸಲೀಸಾಗಿ ಆಯ್ತು ಅಂದುಕೊಳ್ಳಬೇಡಿ. ಒಬ್ಬ ಹುಡುಗಿಯನ್ನು ಚಿಕ್ಕಪ್ಪನ ಮನೆಗೆ ಕಳಿಸಿ, ಅಲ್ಲಿ ಹೊಡೆಯುತ್ತಾರೆ ಅಂತ ಗೊತ್ತಾಗಿ, ವಾಪಸ್ ಕರೆತರಬೇಕಾಯಿತು. ಫೋಟೊ ಕಾರ್ಡ್ ನಿಲ್ಲಿಸಿದ್ದಕ್ಕೆ ನಮ್ಮಲ್ಲೇ ಏಳು ಕುಟುಂಬ ಕಾಣಿಕೆ ಬಿಟ್ಟವು.

ಮೊದಲೆಲ್ಲ ವರ್ಷದ ವರದಿಯಲ್ಲಿ ‘ಮಕ್ಕಳ ಸಂಖ್ಯೆ’ ಏರಿದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. 38 ಇದ್ದದ್ದು ಈಗ 9. ಆ ಒಂಬತ್ತರಲ್ಲಿ ಮೂವರಿಗೆ ನಿಜಕ್ಕೂ ಯಾರೂ ಇಲ್ಲ, ಅವರಿಗೆ ಸಾಕುಮನೆ ಹುಡುಕುತ್ತಿದ್ದಾರೆ. ನಿಮ್ಮವರು ಈ ಪ್ರಶ್ನೆಗಳನ್ನು ಕಳಿಸಿ, ಬಂದ ಉತ್ತರವನ್ನು ಇಲ್ಲಿ ಹಾಕಿ. ಕುಳಿತು ನೋಡೋಣ.