ಟ್ಯಾಂಕ್ ಜಾಡಿನಲ್ಲಿ ಹುಲ್ಲು ಏಳದಿರುವುದಕ್ಕೆ

ನೆಲದೊಳಗೆ ವರ್ಷವಿಡೀ ಹೆಪ್ಪುಗಟ್ಟಿರುವ ಶೀತ ಪ್ರದೇಶದ ನಿಮ್ಮ ಸೇನಾ ತರಬೇತಿ ಮೈದಾನದಲ್ಲಿ, ಎರಡು ವರ್ಷ ಬಿತ್ತಿದರೂ ಯುದ್ಧ ಟ್ಯಾಂಕ್ ಓಡಿದ ಜಾಡಿನಲ್ಲಿ ಹುಲ್ಲು ಏಳುತ್ತಿಲ್ಲ, ಬೇಸಿಗೆಯಲ್ಲಿ ನೀರು ನಿಲ್ಲುತ್ತದೆ ಎಂದಿದ್ದೀರಿ. ಬಹುಶಃ ದೋಷ ಬೀಜದ್ದಲ್ಲ. ಮೇಲಿನ ಪಾಚಿ, ಸಸ್ಯಕಸದ ಪದರ ಕಿತ್ತುಹೋಗಿದೆ. ಒಳಗಿನ ಹೆಪ್ಪುಗಟ್ಟಿದ ನೆಲಕ್ಕೆ ಅದೇ ಕಂಬಳಿ. ಅದಿಲ್ಲದೆ ಕಪ್ಪು ಮಣ್ಣು ಬಿಸಿಲು ಹೀರುತ್ತದೆ, ಮಂಜುಗಡ್ಡೆ ಕರಗಿ ನೆಲ ಕುಸಿಯುತ್ತದೆ, ನಿಂತ ನೀರು ಶಾಖವನ್ನು ಇನ್ನೂ ಕೆಳಗಿಳಿಸುತ್ತದೆ.

ಮೊದಲು ಸಿಡಿಯದ ಮದ್ದುಗುಂಡು ಇಲ್ಲವೆಂದು ಪರಿಣತರಿಂದ ಖಚಿತಪಡಿಸಿಕೊಳ್ಳಿ. ಅದಕ್ಕೂ ಮುಂಚೆ ಒಂದು ಸರಳನ್ನೂ ನೆಲಕ್ಕೆ ಚುಚ್ಚಬೇಡಿ.

ಬೇಸಿಗೆಯ ಕೊನೆಗೆ ತೆಳುವಾದ ಉಕ್ಕಿನ ಸರಳನ್ನು ಜಾಡಿನಲ್ಲೂ ಪಕ್ಕದ ಕೆಡದ ನೆಲದಲ್ಲೂ ಹತ್ತಾರು ಕಡೆ ಒತ್ತಿ, ಹೆಪ್ಪುಗಟ್ಟಿದ ಗಟ್ಟಿ ಪದರ ತಾಗುವ ಆಳ ಅಳೆಯಿರಿ (ಕಲ್ಲು ತಾಗಿದರೆ ಆ ಅಳತೆ ಬಿಡಿ). ಜಾಡಿನಲ್ಲಿ ಹೆಚ್ಚು ಆಳ ಇಳಿದರೆ ಕಾರಣ ಈ ಕರಗುವಿಕೆಯೇ. ಎರಡೂ ಒಂದೇ ಆದರೆ ಮಣ್ಣು ಅಮುಕಿ ಗಟ್ಟಿಯಾಗಿರಬಹುದು. ಆಗ ಮೇಲ್ಮಣ್ಣು ಸಡಿಲಿಸಿ ಬಿತ್ತಿ ನೋಡಿ.

ಕರಗುವಿಕೆಯೇ ಕಾರಣವಾದರೆ ಬುಲ್ಡೋಜರ್‌ನಿಂದ ಸಮ ಮಾಡಿಸಬೇಡಿ, ಉಳಿದ ಹೊದಿಕೆಯೂ ಹೋಗುತ್ತದೆ. ಅಂಚಿಗೆ ಮಗುಚಿಬಿದ್ದ ಪಾಚಿಹೆಂಟೆಗಳನ್ನು ಕೈಯಿಂದ ಜಾಡಿಗೆ ಮರಳಿಸಿ. ನೀರನ್ನು ಇಳಿಜಾರಿಗೆ ಅಡ್ಡಲಾಗಿ, ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಹೊರಬಿಡಿ. ಉದ್ದ ಕಾಲುವೆ ತೋಡಿದರೆ ಕೊರಕಲಾಗುತ್ತದೆ. ನೆಲ ಹೆಪ್ಪುಗಟ್ಟುವ ಮುನ್ನ ಸ್ಥಳೀಯ ಹುಲ್ಲಿನ ಬೀಜ ಹಾಕಿ ಒಣಹುಲ್ಲು ಹೊದಿಸಿ, ವಸಂತದ ನೀರಿಗೆ ಅದು ತಾನೇ ಮೊಳೆಯುತ್ತದೆ. ಗೊಬ್ಬರ ಕಡಿಮೆ ಇರಲಿ, ಹೆಚ್ಚಾದರೆ ಬಿತ್ತಿದ ಹುಲ್ಲೇ ಸ್ಥಳೀಯ ಗಿಡಗಳನ್ನು ಅದುಮುತ್ತದೆ.

ಆ ಜಾಡನ್ನು ತರಬೇತಿಗೆ ಮುಚ್ಚಿಸಿ. ಸುತ್ತಲಿನ ನೆಲದಲ್ಲಿ ವಾಹನ ಓಡಲೇಬೇಕೆಂದರೆ ನೆಲ ಗಟ್ಟಿಯಾಗಿ ಹಿಮ ದಪ್ಪಗೆ ಕೂತ ಮೇಲೆ ಮಾತ್ರ. ಮುಂದಿನ ವರ್ಷ ಅದೇ ಜಾಗಗಳಲ್ಲಿ ಮತ್ತೆ ಸರಳು ಇಳಿಸಿ ನೋಡಿ.